ಭಂಗಾರವೆಂದು ಬರೆದ ಅಂಗಡಿ

ಅಂಬಣ್ಣ ಯಾವ ಯಂತ್ರವನ್ನೂ ಮೊದಲು ಬಿಚ್ಚುತ್ತಿರಲಿಲ್ಲ, ಮೂಸುತ್ತಿದ್ದ. ಮಿಕ್ಸರನ್ನು ತಲೆಕೆಳಗು ಮಾಡಿ, ಗಾಳಿಯಾಡುವ ಸೀಳುಗಳಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡರೆ ರೋಗ ಕಾಯಿಲ್‌ನದೋ ಸ್ವಿಚ್ಚಿನದೋ ಎಂದು ಹೇಳಿಬಿಡುತ್ತಿದ್ದ. ವಾಡೆಯ ಮೇಲಿನ ಮಾಳಿಗೆಯಲ್ಲಿದ್ದ ದೇವದಾಸ್ ಮಾಸ್ತರರು ಇದನ್ನು ಕಂಡಾಗಲೆಲ್ಲ ನಗುತ್ತಿದ್ದರು. ಅವರು ಬೆಳಗಾವಿಯವರು, ಪುಣೆಯ ನಮ್ಮ ಪೇಠದ ಮಕ್ಕಳಿಗೆ ಗಣಿತದ ಕ್ಲಾಸು ನಡೆಸುತ್ತಿದ್ದರು.

"ಏನೋ ಅಂಬಣ್ಣಾ, ಮಿಕ್ಸರ್ ಐತ್ಯೋ, ಹೆಂಡ್ತಿ ಮಾಡಿದ ಸಾರು ಐತ್ಯೋ?"

"ಸಾರು ಹಳಸಿದ್ರ ಚೆಲ್ಲಬೇಕಾಗ್ತದ್ರಿ ಮಾಸ್ತರ್ರ. ಇದು ಹಳಸೂದಿಲ್ಲ" ಎಂದು ಅಂಬಣ್ಣ ಮುಖ ಎತ್ತದೆ ಉತ್ತರಿಸುತ್ತಿದ್ದ.

ಸದಾಶಿವ ಪೇಠದ ನಮ್ಮ ವಾಡೆಯಲ್ಲಿ, ಅಂಗಳದ ಸುತ್ತ ಕಟ್ಟಿದ ಆ ಹಳೆಯ ದೊಡ್ಡ ಮನೆಯಲ್ಲಿ, ಒಂಬತ್ತು ಬಿಡಾರಗಳಿದ್ದವು. ಮೇಲಕ್ಕೆ ಹೋಗುವ ಮರದ ಮೆಟ್ಟಿಲುಗಳ ಕೆಳಗೆ, ಕುಳಿತರೆ ತಲೆ ತಾಗದ, ಎದ್ದರೆ ತಾಗುವ ಒಂದು ಸಂದು. ೧೯೯೧ರಿಂದ ೨೦೦೪ರವರೆಗೆ ಹದಿಮೂರು ವರ್ಷ ಅಂಬಣ್ಣ ಆ ಸಂದಿನಲ್ಲಿ ಕುಳಿತು ವಾಡೆಯ ಮಿಕ್ಸರುಗಳನ್ನೂ ಇಸ್ತ್ರಿಗಳನ್ನೂ ಫ್ಯಾನುಗಳನ್ನೂ ಬದುಕಿಸಿದ. ಅವನು ಸುರಪುರ ತಾಲ್ಲೂಕಿನವನು. ಕಟ್ಟಡ ಕೆಲಸದ ಗುಂಪಿನೊಡನೆ ಪುಣೆಗೆ ಬಂದಿದ್ದ. ಮೂರನೆಯ ಮಾಳಿಗೆಯ ಬಿದಿರಿನ ಅಟ್ಟಣಿಗೆಯಿಂದ ಬಿದ್ದು ಎಡಗಾಲು ಊನವಾದ ಮೇಲೆ ಸಿಮೆಂಟಿನ ಬುಟ್ಟಿ ಅವನಿಗೆ ದೂರವಾಯಿತು. ಆಗ ಊರಿನ ಕ್ಯಾಂಪ್ ಪೇಟೆಯ ಒಬ್ಬ ಮುದುಕ ಮಿಸ್ತ್ರಿಯ ಪಕ್ಕದಲ್ಲಿ ನಾಲ್ಕು ವರ್ಷ ಕುಳಿತು, ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವ ವಿದ್ಯೆ ಕಲಿತ. ಓದು ಬರಹ ಕಲಿಯಲಿಲ್ಲ. ಸುತ್ತುಗಳನ್ನು ಮಾತ್ರ ಕನ್ನಡದಲ್ಲಿ, ತುಟಿ ಅಲ್ಲಾಡಿಸುತ್ತ, ಒಂದೂ ತಪ್ಪದೆ ಎಣಿಸುತ್ತಿದ್ದ. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ಉತ್ತರವಿರಲಿಲ್ಲ.

ಆ ಜಾಗಕ್ಕೆ ಬಾಡಿಗೆ ಇರಲಿಲ್ಲ. ವಾಡೆಯ ನೀರಿನ ಪಂಪನ್ನೂ ಅಂಗಳದ ದೀಪಗಳನ್ನೂ ಅವನು ನೋಡಿಕೊಳ್ಳಬೇಕು, ಮಾಲೀಕರು ಅವನನ್ನು ಎಬ್ಬಿಸಬಾರದು ಎಂಬುದು ಹಿರಿಯ ಮಾಲೀಕರ ಬಾಯಿಮಾತು. ಅವರು ಮಾತಿನ ಮನುಷ್ಯರು, ನಿಜ. ಆದರೆ ಮಾತಿನ ಮನುಷ್ಯರು ಸಾಯುತ್ತಾರೆ, ಅವರ ಜೊತೆಗೆ ಮಾತೂ ಹೋಗುತ್ತದೆ. ಬಾಡಿಗೆ ಕೊಡದವನ ಬಳಿ ಬಾಡಿಗೆಯ ಪಾವತಿ ಚೀಟಿಯೂ ಇರುವುದಿಲ್ಲ ಎಂಬುದು ಅಂಬಣ್ಣನಿಗಂತೂ ಹೊಳೆಯಲಿಲ್ಲ. ನಮಗೆ ಯಾರಿಗೂ ಹೊಳೆಯಲಿಲ್ಲವೆಂದರೆ ಅದು ಪೂರ್ಣ ಸತ್ಯವಲ್ಲ, ನಮಗದು ಬೇಕಾಗಿರಲಿಲ್ಲ.

ಆ ವರ್ಷಗಳಲ್ಲಿ ಪೇಠದ ಸುತ್ತ ಹೊಸ ಅಂಗಡಿಗಳು ಗಾಜಿನ ಬಾಗಿಲು ಹಚ್ಚಿಕೊಂಡು ಎದ್ದವು. ನಮ್ಮ ವಾಡೆಯವರು ಆ ಗಾಜಿನಾಚೆ ನೋಡಿ ಮರಳಿ ಬರುತ್ತಿದ್ದರು. ಹಳೆಯದನ್ನು ಉಳಿಸಿಕೊಳ್ಳುವುದು ನಮ್ಮ ಸಂಸ್ಕಾರವೆಂದು ಕುಸುಮತಾಯಿ ಹೇಳುತ್ತಿದ್ದರು. ಮೆಟ್ಟಿಲಿನ ನೇರ ಮೇಲಿನ ಕೋಣೆಯ ವಿಧವೆ ಆಕೆ. ಮಾತೃಭಾಷೆ ಮರಾಠಿ, ಮನಸ್ಸು ಕೆಟ್ಟದ್ದಲ್ಲ. ಆಕೆಯ ಮಿಕ್ಸರನ್ನು ಅಂಬಣ್ಣ ಮೂರು ಸಲ ಹೊಸದಾಗಿ ಸುತ್ತಿದ್ದ. ಅದರಲ್ಲಿ ಆಕೆಯ ಮದುವೆಯ ಕಾಲದ್ದೆಂದು ಉಳಿದಿದ್ದು ಮುಚ್ಚಳ ಮಾತ್ರ. ಸಂಸ್ಕಾರವೆಂದು ನಾವು ಕರೆದದ್ದು ಅಂಬಣ್ಣನ ಬೆರಳುಗಳಿಂದ ನಡೆಯುತ್ತಿತ್ತು.

"ಇನ್ನೂ ಎಷ್ಟು ಸಲ ಕಟ್ತೀ ಅದನ್ನ? ಹೊಸಾದು ತಗೊಳ್ರಿ ಅಂತ ಹೇಳಬಾರದೇನು?" ಎಂದು ನಾನೇ ಒಮ್ಮೆ ಗದರಿದ್ದೆ.

"ಮಷೀನ್ ಸಾಯೂದಿಲ್ರಿ ಅಕ್ಕಾರ. ಮಂದಿಗಿ ಬ್ಯಾಸರ ಬರ್ತದ, ಅಷ್ಟ."

ತಂತಿ ಸುತ್ತುವ ಕೈಯಂತ್ರವೊಂದು ಅವನಲ್ಲಿತ್ತು. ಅದನ್ನು ಕೊಳ್ಳಲು ಅವನು ಹೆಂಡತಿ ಚಂದಮ್ಮನ ಬಂಗಾರದ ಬೋರಮಳ ಸರವನ್ನು ಮಾರಿದ್ದ. ಚಂದಮ್ಮ ಊರಿನಲ್ಲಿ ಹಾಸಿಗೆ ಹಿಡಿದ ಅತ್ತೆಯ ಸೇವೆಗೆ ಉಳಿದಿದ್ದಳು. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಆಕೆಯ ಬರಿಗೊರಳು ನೋಡಿ ಅವನು ಒಂದೇ ಮಾತು ಹೇಳುತ್ತಿದ್ದನಂತೆ: "ನಿನ್ನ ಬಂಗಾರ ಎಲ್ಲಿಗೂ ಹೋಗಿಲ್ಲ. ಪುಣ್ಯಾದಾಗ ಅಂಗಡ್ಯಾಗ ಅದ." ಹನ್ನೊಂದು ವರ್ಷ ಆಕೆ ಈ ಮಾತನ್ನು ಕೇಳಿದಳು. ಕೇಳಿ ನಂಬಿದಳು.

ಅತ್ತೆ ತೀರಿಕೊಂಡ ಮೇಲೆ, ೨೦೦೪ರ ಜೂನಿನಲ್ಲಿ, ಚಂದಮ್ಮ ಪುಣೆಗೆ ಬಂದಳು. ಸ್ವಾರಗೇಟಿನ ಹಿಂದೆ ಒಂದು ತಗಡಿನ ಖೋಲಿ. ಬೆಳಿಗ್ಗೆ ಗಂಡನೊಡನೆ ನಡೆದು ಬಂದು, ಅಂಗಡಿಯ ಒಂದೊಂದು ಯಂತ್ರವನ್ನೂ ಸೆರಗಿನಿಂದ ಒರೆಸಿ, ಮೆಟ್ಟಿಲ ಬದಿಗೆ ಕೂಡುತ್ತಿದ್ದಳು. ಆಕೆಗೆ ಮರಾಠಿ ಒಂದಕ್ಷರ ಬಾರದು. ಯಾರು ಏನು ಕೇಳಿದರೂ "ಹೌದ್ರಿ" ಎನ್ನುವಳು. ಪರಊರಿನಲ್ಲಿ ಹೌದೆನ್ನುವುದು ಮರ್ಯಾದೆ ಎಂದು ತಿಳಿದಿದ್ದಳು.

ಅದೇ ವರ್ಷ ವಾಡೆ ಬಿಲ್ಡರನ ಕೈಗೆ ಹೋಯಿತು. ಹಿರಿಯ ಮಾಲೀಕರು ತೀರಿ, ಅವರ ಮಗ ಪಂಢರಿನಾಥ ಯಜಮಾನನಾಗಿದ್ದ. ವಾಡೆ ಕೆಡವಿ ಐದು ಮಾಳಿಗೆಯ ಕಟ್ಟಡ ಕಟ್ಟುವುದು. ಇದ್ದ ಬಿಡಾರಕ್ಕೆ ಒಂದೊಂದು ಮನೆ. ಕೆಳಗೆ ವ್ಯಾಪಾರ ಮಾಡುತ್ತಿದ್ದವರಿಗೆ ರಸ್ತೆಯ ಮುಖಕ್ಕೆ ಒಂದು ಮಳಿಗೆ. ಯಾರು ಏನು ಮಾಡಿಕೊಂಡಿದ್ದಾರೆಂದು ಪಂಚನಾಮೆ ಬರೆಯಲು ಬಿಲ್ಡರನ ಗುಮಾಸ್ತನೊಬ್ಬ ಆಗಸ್ಟಿನ ಕೊನೆಯಲ್ಲಿ ಬಂದ. ಅಂಬಣ್ಣ ತಂತಿ ತರಲು ಕ್ಯಾಂಪಿಗೆ ಹೋಗಿದ್ದ. ನಾನು ಕಚೇರಿಯಲ್ಲಿದ್ದೆ. ಅಂಗಡಿಯಲ್ಲಿ ಚಂದಮ್ಮ ಒಬ್ಬಳೇ.

ಆಗ ನಡೆದದ್ದನ್ನು ಮೇಲಿನಿಂದ ನೋಡಿದ ಕುಸುಮತಾಯಿ ಕೆಲವು ದಿನಗಳ ಮೇಲೆ ನನಗೆ ನಗುತ್ತ ಹೇಳಿದರು, ಚಂದಮ್ಮ ಅಳುತ್ತ ಹೇಳಿದಳು. ಇಬ್ಬರ ಮಾತೂ ಒಂದೇ ಆಗಿತ್ತು. ಗುಮಾಸ್ತ ಬಗ್ಗಿ ಸಂದಿನೊಳಗೆ ಇಣುಕಿ, ಬಿಚ್ಚಿಟ್ಟ ಮೋಟಾರುಗಳನ್ನೂ ಸುಟ್ಟ ತಂತಿಯ ಉಂಡೆಗಳನ್ನೂ ಕಂಡು, ಲೇಖನಿಯಿಂದ ತೋರಿಸುತ್ತ ಕೇಳಿದ: "ಹೇ ಸಗಳಂ ಭಂಗಾರಚ್ ನಾ?"

ಇದೆಲ್ಲ ಗುಜರಿಯೇ ತಾನೆ ಎಂದು ಅದರ ಅರ್ಥ. ಮರಾಠಿಯಲ್ಲಿ ಗುಜರಿಗೆ ಭಂಗಾರ ಎನ್ನುತ್ತಾರೆ. ನಮ್ಮ ಕಡೆಯ ಕಿವಿಗೆ ಭಕಾರವೂ ಬಕಾರವೂ ಒಂದೇ. ಪಟ್ಟಣದ ದೊಡ್ಡ ಮನುಷ್ಯನೊಬ್ಬ ತನ್ನ ಗಂಡನ ದುಡಿಮೆಯನ್ನು ನೋಡಿದ ಕೂಡಲೇ ಬಂಗಾರವೆಂದು ಗುರುತಿಸಿದನಲ್ಲ ಎಂದು ಚಂದಮ್ಮನ ಮುಖ ಅರಳಿತು.

"ಹೌದ್ರಿ, ಎಲ್ಲಾ ಬಂಗಾರನ ಅದರೀ! ನನ್ನ ಕೊಳ್ಳಾಗಿಂದೂ ಇದರಾಗ ಅದ!"

ಗುಮಾಸ್ತನಿಗೆ ಬಂಗಾರ ಎಂಬ ಒಂದು ಪದವೇ ಸಾಕಾಯಿತು. ಬರೆದುಕೊಂಡ. ಅವಳ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡ. ಆಕೆ ಅವನಿಗೆ ನೀರು ಕೊಟ್ಟು ಕಳಿಸಿದಳು.

ಪಂಚನಾಮೆಯ ಪ್ರತಿಯನ್ನು ವಾಡೆಯ ದೊಡ್ಡ ಬಾಗಿಲಿಗೆ ಎಂಟು ದಿನ ಅಂಟಿಸಿದ್ದರು. ತಕರಾರಿದ್ದವರು ಆ ಎಂಟು ದಿನದೊಳಗೆ ಹೇಳಬೇಕಿತ್ತು. ವಯಸ್ಸು ಮೂವತ್ತು ದಾಟಿದ ಮೇಲೆ, ಕೆಲಸ ಮುಗಿಸಿ ಸಂಜೆಯ ಶಾಲೆಗೆ ಹೋಗಿ ಮರಾಠಿ ಓದಲು ಕಲಿತವಳು ನಾನು. ವಾಡೆಗೆ ಬಂದ ಕಾಗದಗಳನ್ನು ಓದು ಬಾರದವರೆಲ್ಲ ನನ್ನಿಂದಲೇ ಓದಿಸುತ್ತಿದ್ದರು. ಆ ಪ್ರತಿಯಲ್ಲಿ ನಾನು ನನ್ನ ಹೆಸರಿನ ಸಾಲನ್ನು ಹುಡುಕಿದೆ, ಕೋಣೆಯ ಅಳತೆ ಸರಿಯಿದೆಯೆಂದು ನೋಡಿದೆ, ಮೆಟ್ಟಿಲು ಹತ್ತಿದೆ. ಕೆಳಗಿನ ಸಾಲುಗಳನ್ನು ಓದಲಿಲ್ಲ.

ಒಂಬತ್ತನೆಯ ದಿನ ಕರಾರಿಗೆ ಎಲ್ಲರನ್ನೂ ಕರೆದರು, ಅಂಬಣ್ಣನನ್ನು ಕರೆಯಲಿಲ್ಲ. ಅವನು ಬಾಗಿಲಿನ ಹಾಳೆಯನ್ನು ಕಿತ್ತುಕೊಂಡು, ಹೆಂಡತಿಯನ್ನೂ ಕರೆದುಕೊಂಡು ನನ್ನ ಕೋಣೆಗೆ ಬಂದ.

"ಇದರಾಗ ನಂದೇನ್ ಬರದಾರ ನೋಡ್ರಿ ಅಕ್ಕಾರ."

ಓದಿದೆ. "ಮೆಟ್ಟಿಲ ಕೆಳಗಿನ ಜಾಗ: ಭಂಗಾರ ಸಾಮಾನು. ವ್ಯಾಪಾರವಿಲ್ಲ. ಅಲ್ಲಿದ್ದ ಹೆಂಗಸು ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾಳೆ."

 ಚಂದಮ್ಮ ನಮ್ಮಿಬ್ಬರ ಮುಖವನ್ನೂ ನೋಡಿದಳು.

"ಬಂಗಾರ ಅಂತ ಬರದಾರಲ್ರಿ ಯಕ್ಕಾ? ಛಲೋ ಆತಲ್ಲ?"

"ಗುಜರಿ ಅಂತ ಬರದಾರ ಚಂದಮ್ಮ" ಎಂದೆ. "ಇಲ್ಲಿ ಭಂಗಾರ ಅಂದ್ರ ಗುಜರಿ."

ಅಂಬಣ್ಣ ಹೆಂಡತಿಯ ಕಡೆಗೆ ತಿರುಗಿದ. ಅವನ ದನಿ ಏರಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಹದಿಮೂರು ವರ್ಷ ನಾ ಬಗ್ಗಿ ಕುಂತು ಕಟ್ಟಿದ್ದು ನಿನ್ನ ಒಂದು ಹೌದ್ರಿದಾಗ ಹೋತು. ಗೊತ್ತಿಲ್ಲಂದ್ರ ಬಾಯಿ ಮುಚ್ಚಿಕೊಂಡು ಕುಂದ್ರಾಕ ಏನಾಗಿತ್ತು ನಿನಗ?"

ಚಂದಮ್ಮ ತಲೆ ತಗ್ಗಿಸಲಿಲ್ಲ. "ಬಂಗಾರ ಅಂತ ನನಗ ಹೇಳಿಕೊಟ್ಟವ ಯಾರು? ಆ ಬಂದಾಂವನೋ, ನೀನೋ?" ಎಂದಳು.

ಅಂಬಣ್ಣ ನನ್ನ ಕೈಯಿಂದ ಹಾಳೆಯನ್ನು ತೆಗೆದುಕೊಂಡು ಮಡಚಿ ಜೇಬಿಗಿಟ್ಟ. 

ಮರುದಿನ ಅಂಬಣ್ಣನೊಡನೆ ಪಂಢರಿನಾಥನ ಬಳಿ ಹೋದೆ. ಅವನು ಕುರ್ಚಿ ಕೊಟ್ಟ, ಚಹಾ ತರಿಸಿದ. ನಯವಾದ ಮನುಷ್ಯ. ತನಗೇನೂ ಹಟವಿಲ್ಲವೆಂದ. ಹೆಬ್ಬೆಟ್ಟು ಬಿದ್ದ ಕಾಗದವನ್ನು ಬರಿಯ ಬಾಯಿಮಾತಿನಿಂದ ತಿದ್ದಲು ಬಾರದು. ಇಲ್ಲಿ ದುರಸ್ತಿಯ ಅಂಗಡಿ ನಡೆಯುತ್ತಿತ್ತು ಎಂದು ಬಿಡಾರದವರಲ್ಲಿ ಅರ್ಧದಷ್ಟು ಜನ ಬರೆದುಕೊಟ್ಟರೂ ಸಾಕು, ತಿಂಗಳ ಕೊನೆಗೆ ಪಟ್ಟಿ ಮುಗಿಯುವ ಮುನ್ನ ತಿದ್ದಿಸುತ್ತೇನೆ ಎಂದ. ಅರ್ಧವೆಂದರೆ ಐದು ಮನೆ. ಅಂಬಣ್ಣ ಹಗುರಾಗಿ ಹೊರಬಂದ. ಒಂಬತ್ತು ಮನೆಯಲ್ಲೂ ಅವನ ಕೈ ಮುಟ್ಟದ ಯಂತ್ರವಿರಲಿಲ್ಲ.

ಆದರೆ ಪಂಢರಿನಾಥ ನಮ್ಮ ಹಿಂದೆಯೇ ಮೆಟ್ಟಿಲು ಹತ್ತಿ, ಮನೆ ಮನೆಗೆ ಇನ್ನೊಂದು ಮಾತನ್ನೂ ಮುಟ್ಟಿಸಿದ್ದ. ಹೊಸ ಮಳಿಗೆ ಬಂದರೆ ಅದಕ್ಕೆ ಜಾಗ ಬೇರೆಲ್ಲಿಂದಲೂ ಬರುವುದಿಲ್ಲ, ಬಿಡಾರದವರು ಸ್ಕೂಟರ್ ನಿಲ್ಲಿಸುವ ಜಾಗದಲ್ಲೇ ಕಡಿತವಾಗುತ್ತದೆ. ನಮ್ಮ ವಾಡೆಯಲ್ಲಿ ಅಂದು ಇದ್ದದ್ದು ಮೂರು ಸ್ಕೂಟರ್. ಉಳಿದವರು ಮುಂದೆಂದೋ ಕೊಳ್ಳಬಹುದಾದ ಸ್ಕೂಟರಿಗಾಗಿ ಚಿಂತಿಸತೊಡಗಿದರು.

ದೇವದಾಸ್ ಮಾಸ್ತರರ ಬಾಗಿಲಲ್ಲಿ ಅಂಬಣ್ಣ ನಿಂತಾಗ ನಾನು ಜೊತೆಗಿದ್ದೆ.

"ಬರೀತೇನಪಾ, ಬರೀದ ಎಲ್ಲಿ ಹೋಗ್ತೇನಿ" ಎಂದರು ಮಾಸ್ತರರು. "ಆದ್ರ ನೋಡು, ಮೊದಲು ಉಳಿದವರದು ಆಗಲಿ. ನಾನ ಮೊದಲು ಬರದ್ರ, ನಮ್ಮ ಭಾಷಾದವ ಅಂತ ಬರದಾನ ಅಂತಾರ."

"ನೀವು ನಮ್ಮ ಭಾಷಾದವರು ಅಂತನ ಮೊದಲು ನಿಮ್ಮ ಬಾಗಲಕ ಬಂದೀನ್ರಿ."

"ಅದನ್ನ ಹೇಳಾಕತ್ತೇನಿ. ತಪ್ಪು ತಿಳಿಯಬ್ಯಾಡ."

ಲೆಕ್ಕ ಕಲಿಸುವವರಿಗೆ ಯಾರು ಮೊದಲು, ಯಾರು ನಂತರ ಎಂಬ ಲೆಕ್ಕ ಚೆನ್ನಾಗಿ ಬರುತ್ತದೆ. ಎಲ್ಲ ಬಾಗಿಲಲ್ಲೂ ಎರಡನೆಯವರಾಗಲು ಸಿದ್ಧರಿದ್ದವರೇ ಸಿಕ್ಕರು.

ಆಗ ಅಂಗಡಿಯಲ್ಲಿ ದುರಸ್ತಿಗೆ ಬಂದ ಎಂಟು ಯಂತ್ರಗಳಿದ್ದವು. ಎಂಟು ಮನೆಯವು, ಅವುಗಳಲ್ಲಿ ಒಂದು ನನ್ನ ಇಸ್ತ್ರಿ. ಅಂಬಣ್ಣ ಬೇರೆ ಕೆಲಸ ಬಿಟ್ಟು ಎಂಟನ್ನೂ ಮುಗಿಸಿದ. ಒರೆಸಿ, ಹಲಗೆಯ ಮೇಲೆ ಸಾಲಾಗಿ ಇಟ್ಟ. ನನ್ನಿಂದ ಮರಾಠಿಯಲ್ಲಿ ಒಂದು ಸಾಲು ಬರೆಸಿಕೊಂಡ: "ಈ ವಸ್ತುವನ್ನು ಅಂಬಣ್ಣನ ಅಂಗಡಿಗೆ ದುರಸ್ತಿಗೆ ಕೊಟ್ಟಿದ್ದೆ, ದುರಸ್ತಿಯಾಗಿ ಮರಳಿ ಪಡೆದೆ." ಯಾರು ಬಂದರೂ ಆ ಸಾಲಿಗೆ ಸಹಿ ಮಾಡಿ ತಮ್ಮದನ್ನು ಒಯ್ಯಬೇಕು. ಕೂಲಿ ಬೇಡ, ಸಹಿ ಸಾಕು. ನಾನು ಸಹಿ ಮಾಡಿ ಇಸ್ತ್ರಿಯನ್ನು ತಂದೆ. ಅದಾದ ಮೇಲೆ ಹಲಗೆಯ ಮುಂದೆ ಯಾರೂ ನಿಲ್ಲಲಿಲ್ಲ.

ಹದಿಮೂರು ವರ್ಷ "ಇವತ್ತು ಸಂಜೆಗೇ ಬೇಕು" ಎಂದು ಅವನ ತಲೆಯ ಮೇಲೆ ನಿಂತವರು ಮೂರು ವಾರ ಮಿಕ್ಸರಿಲ್ಲದೆ ಬದುಕಿದರು. ಬಟ್ಟೆಗಳು ಸುಕ್ಕಾಗಿಯೇ ಹೊರಗೆ ಹೋದವು. ಮೆಟ್ಟಿಲಿಳಿಯುವಾಗ ಎಲ್ಲರ ಮುಖವೂ ಗೋಡೆಯ ಕಡೆಗೆ. ಕುಸುಮತಾಯಿ ದಿನ ಬಿಟ್ಟು ದಿನ ನೆನೆಸಿದ ಬೇಳೆಯ ಪಾತ್ರೆ ಹಿಡಿದು ನನ್ನ ಕೋಣೆಗೆ ಬರುತ್ತಿದ್ದರು. ನನ್ನ ಮಿಕ್ಸರನ್ನು ಎರಡು ಸಲ ಕೊಟ್ಟೆ. ಮೂರನೆಯ ಸಲ ಕೇಳಿದೆ: ನಿಮ್ಮದು ಕೆಳಗೆ ಸಿದ್ಧವಾಗಿ ಕೂತಿದೆಯಲ್ಲ, ಒಂದು ಸಹಿಯ ದೂರದಲ್ಲಿ? ಆಕೆ ಕಣ್ಣೀರು ತಂದುಕೊಂಡು, ತನ್ನ ಮನೆಯ ಕಾಗದ ಇನ್ನೂ ಪಂಢರಿನಾಥನ ಕೈಯಲ್ಲಿದೆ, ಮುದುಕಿ ತಾನು ಯಾರನ್ನು ಎದುರು ಹಾಕಿಕೊಳ್ಳಲಿ ಎಂದರು. ಆ ಕಣ್ಣೀರು ನಿಜವಾದದ್ದೇ. ಅದರಿಂದ ಅಂಬಣ್ಣನಿಗೆ ಆದದ್ದೇನು? ನಾನು ಬೇಳೆಯ ಪಾತ್ರೆಯನ್ನು ಹಾಗೆಯೇ ಮರಳಿ ಕೊಟ್ಟೆ.

ತಿಂಗಳ ಕೊನೆಗೆ ಪಟ್ಟಿ ಮುಗಿಯಿತು. ನನ್ನ ಒಂದು ಸಹಿಯ ಕಾಗದವನ್ನು ಬಿಲ್ಡರನ ಕಚೇರಿಯವರು ಎರಡು ಬೆರಳಲ್ಲಿ ಹಿಡಿದು ನೋಡಿದರು. ಒಬ್ಬರ ಮಾತು ಸಾಕ್ಷಿಯಾಗದು, ಅದರಲ್ಲೂ ಇಬ್ಬರೂ ಒಂದೇ ಕಡೆಯವರು ಎಂದರು. ದಸರೆಯ ಹಿಂದಿನ ಶನಿವಾರದೊಳಗೆ ಜಾಗ ಖಾಲಿ ಮಾಡಬೇಕೆಂದು ಅಂಬಣ್ಣನಿಗೆ ಹೇಳಿ ಕಳಿಸಿದರು.

ಪಟ್ಟಿ ಮುಗಿದ ಮರುದಿನವೇ ಮೆಟ್ಟಿಲಿನಲ್ಲಿ ಮುಖಗಳು ಮತ್ತೆ ಈ ಕಡೆಗೆ ತಿರುಗಿದವು. ದಸರೆಗೆ ಗಾಜಿನ ಅಂಗಡಿಗಳಲ್ಲಿ ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಕೊಡುಗೆ ಬಂದಿತ್ತು. ಹೊಸ ಮನೆಗೆ ಹಳೆಯ ಮಿಕ್ಸರ್ ಏಕೆಂದು ವಾಡೆಯಲ್ಲಿ ಎಲ್ಲರಿಗೂ ಒಟ್ಟಿಗೇ ಅನ್ನಿಸಿತು. ಆದರೆ ಕೊಡುಗೆಗೆ ಹಳೆಯದು ಬೇಕಲ್ಲ. ಅದು ಅಂಬಣ್ಣನ ಹಲಗೆಯ ಮೇಲಿತ್ತು.

ಮೊದಲು ಇಳಿದವರು ದೇವದಾಸ್ ಮಾಸ್ತರರು. "ಅಂಬಣ್ಣಾ, ಆಗಿದ್ದು ಆಗಿ ಹೋತು. ನನ್ನ ಮಿಕ್ಸರ್ ಕೊಡಪಾ. ಈಗ ಸಹಿದ್ದೇನು ಕೆಲಸ ಉಳದಿಲ್ಲಲ್ಲ?"

ಅಂಬಣ್ಣ ಏನಾದರೂ ಅನ್ನುವ ಮೊದಲೇ ಚಂದಮ್ಮ ಎದ್ದು ಹಲಗೆಗೆ ಅಡ್ಡ ನಿಂತಳು. "ಇಲ್ಲಿ ಯಾರದೂ ಮಿಕ್ಸರ್ ಇಲ್ರಿ. ಅಂಗಡಿನ ಇಲ್ಲ ಅಂದವರದು ಅಂಗಡ್ಯಾಗ ಏನಿರ್ತದ?"

"ಸುಮ್ಕಿರು" ಎಂದ ಅಂಬಣ್ಣ. ಮಾಸ್ತರರಿಗೆ, "ಶನಿವಾರ ಬರ್ರಿ. ಎಲ್ಲಾರದೂ ಕೊಡ್ತೀನಿ" ಎಂದ.

ಅವನು ಬಿಚ್ಚಿ ತೆಗೆದ ಹಳೆಯ ಭಾಗಗಳನ್ನು ವಸ್ತು ಮರಳಿ ಹೋಗುವವರೆಗೆ ಎಸೆಯುತ್ತಿರಲಿಲ್ಲ. ಹೊಸದನ್ನು ಹಾಕಿದ್ದು ಖರೆಯೋ ಸುಳ್ಳೋ ಎಂದು ಗಿರಾಕಿಗೆ ಸಂಶಯ ಬರಬಾರದೆಂದು ಕಾಗದದಲ್ಲಿ ಕಟ್ಟಿ ಇಡುತ್ತಿದ್ದ. ಗುರುವಾರ ನಾನು ಕಚೇರಿಗೆ ಹೋಗುವಾಗ ಆ ಏಳು ಪೊಟ್ಟಣಗಳೂ ಬಿಚ್ಚಿಕೊಂಡು ಅವನ ಮುಂದಿದ್ದವು. ದುರಸ್ತಿಯಾಗಿ ನಿಂತಿದ್ದ ಯಂತ್ರಗಳನ್ನು ಅವನು ಒಂದೊಂದಾಗಿ ಬಿಚ್ಚುತ್ತಿದ್ದ. ಮೋಟಾರಿನ ಹೊಸ ಕಾರ್ಬನ್ ತುಂಡು ತೆಗೆದು ಸವೆದ ತುಂಡು ಕೂಡಿಸಿದ. ಹೊಸ ಸ್ವಿಚ್ ಕಿತ್ತು ಕರಕಾದ ಸ್ವಿಚ್ ಹಾಕಿದ. ತಾನೇ ಸುತ್ತಿದ ತಾಮ್ರದ ತಂತಿಯನ್ನು, ಸುತ್ತುವಾಗ ಎಣಿಸಿದ ಹಾಗೆಯೇ ತುಟಿ ಅಲ್ಲಾಡಿಸುತ್ತ, ಕತ್ತರಿಸಿ ತೆಗೆದ.

"ಬ್ಯಾಡ ಅಂಬಣ್ಣ. ಆ ಕೈಲೆ ಈ ಕೆಲಸ ಮಾಡಬ್ಯಾಡ" ಎಂದೆ.

ಅವನು ಮುಖ ಎತ್ತಿದ. "ಇಲ್ಲಿ ದುರಸ್ತಿ ನಡೀಲಿಲ್ಲ ಅಂತ ಕಾಗದದಾಗ ಅದಲ್ರಿ ಅಕ್ಕಾರ. ಹಂಗಾರ ನಡದಿಲ್ಲ. ಹೆಂಗ ತಂದಿದ್ರು ಹಂಗ ಒಯ್ಯಲಿ. ಮನಿಗಿ ಒಯ್ದು ಸ್ವಿಚ್ ಹಾಕಿದಾಗ ಗೊತ್ತಾಗ್ತದ, ಅಂಗಡಿ ಇತ್ತೋ ಇದ್ದಿದ್ದಿಲ್ಲೋ."

ಎರಡು ದಿನ ಹಿಡಿಯಿತು. ಕೆಡಿಸುವುದಕ್ಕೂ ಅವನು ಅಷ್ಟೇ ಜಾಗ್ರತೆ ವಹಿಸಿದ. ಒಂದು ತಿರುಪೂ ಕೆಳಗೆ ಬೀಳಲಿಲ್ಲ. ಏಳನ್ನೂ ಮತ್ತೆ ಮುಚ್ಚಿ, ಚಂದಮ್ಮನಿಂದ ಒರೆಸಿಸಿ, ಹಲಗೆಯ ಮೇಲೆ ಇಡಿಸಿದ. ನೋಡಲು ಅವು ಮೊದಲಿಗಿಂತ ಹೊಳೆಯುತ್ತಿದ್ದವು. ಗಂಡ ಹೆಂಡಿರಿಬ್ಬರೂ ಶನಿವಾರಕ್ಕಾಗಿ ಕಾದರು. ಇದನ್ನು ತಪ್ಪೆಂದು ನಾನು ಬರೆಯಲಾರೆ. ಅವರ ಬಳಿ ಉಳಿದಿದ್ದ ಒಂದೇ ಮಾತು ಅದಾಗಿತ್ತು, ಅದನ್ನು ಯಂತ್ರಗಳ ಬಾಯಿಂದ ಆಡಿಸಬೇಕೆಂದಿದ್ದರು.

ಶನಿವಾರ ಏಳು ಮನೆಯವರೂ ಇಳಿದು ಬಂದರು. ಕುಸುಮತಾಯಿ ತಮ್ಮ ಮಿಕ್ಸರಿನ ಪ್ಲಗ್ ಇದೆಯೇ ಎಂದಷ್ಟೇ ವಿಚಾರಿಸಿದರು. ಪ್ಲಗ್ ಇಲ್ಲದ್ದನ್ನು ಗಾಜಿನ ಅಂಗಡಿಯವರು ಬದಲಿಗೆ ಹಿಡಿಯುವುದಿಲ್ಲವಂತೆ. ಇನ್ನೊಬ್ಬರು ತಮ್ಮ ಟೇಬಲ್ ಫ್ಯಾನನ್ನು ಚೀಲಕ್ಕೆ ತುಂಬಲು ಅದರ ಬಲೆಯನ್ನೇ ಮುರಿದರು. ಯಾರೂ ಮನೆಗೆ ಹಿಂತಿರುಗಲಿಲ್ಲ. ಎಲ್ಲರೂ ಅಂಗಳದಿಂದ ನೇರ ರಸ್ತೆಗೆ ನಡೆದು ರಿಕ್ಷಾ ಕರೆದರು.

ದೇವದಾಸ್ ಮಾಸ್ತರರು ಕೊನೆಯವರು. ಮಿಕ್ಸರನ್ನು ಬಗಲಲ್ಲಿ ಇರುಕಿಕೊಂಡು ಹೊರಟವರನ್ನು ಅಂಬಣ್ಣ ಕೂಗಿ ನಿಲ್ಲಿಸಿದ. ಅವನ ದನಿಯಲ್ಲಿದ್ದದ್ದು ಸಿಟ್ಟಲ್ಲ, ಬೇಡಿಕೆ.

"ಮಾಸ್ತರ್ರ, ಒಮ್ಮಿ ಹಚ್ಚಿ ನೋಡ್ರಿ. ಇಲ್ಲೇ ನೋಡಿ ಒಯ್ರಿ."

"ಯಾಕಪಾ? ಆ ಅಂಗಡ್ಯಾಗ ಕೆಟ್ಟಿದ್ರೂ ಅಷ್ಟ ರೊಕ್ಕ, ಛಲೋ ಇದ್ರೂ ಅಷ್ಟ ರೊಕ್ಕ ಅಂತ. ಅವರೇನು ಹಚ್ಚಿ ನೋಡೂದಿಲ್ಲ" ಎಂದು ಮಾಸ್ತರರು ರಿಕ್ಷಾ ಹತ್ತಿದರು.

ಅಂಬಣ್ಣ ಖಾಲಿ ಹಲಗೆಯನ್ನು ಗೋಡೆಗೆ ಒರಗಿಸಿದ. ಆಮೇಲೆ ತಂತಿ ಸುತ್ತುವ ಕೈಯಂತ್ರವನ್ನು ಗೋಣಿಯಲ್ಲಿ ಕಟ್ಟಿ ತಲೆಗೆ ಏರಿಸಿಕೊಳ್ಳಲು ಹೋದ. ಊನವಾದ ಕಾಲು ಆ ಭಾರವನ್ನು ತಾಳಲಿಲ್ಲ. ಚಂದಮ್ಮ ಅದನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಇಬ್ಬರೂ ಸ್ವಾರಗೇಟಿನ ದಾರಿ ಹಿಡಿದರು, ಅವಳು ಮುಂದೆ, ಅವನು ಹಿಂದೆ.